ಎಲೆಕ್ಟ್ರಾನಿಗೆ ಕಾವು ಕೊಟ್ಟವರು ಯಾರು?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ತುಂಬಿಕೊಂಡು ಜನ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಾರೆ. ಆ ರಾತ್ರಿ ಗುಡ್ಡದ ಮೇಲೆ ಬರುವ ಚಂದ್ರ ಎಲ್ಲಿದ್ದಾನೆ ಎಂದು ಕೇಳಿದರೆ ಪಂಚಾಂಗ ನಕ್ಷತ್ರದ ಹೆಸರು ಹೇಳುತ್ತದೆ. ಭೌತವಿಜ್ಞಾನದ ಉತ್ತರ ಬೇರೆ: ಅವನು ಭೂಮಿಯ ಕಾಂತಬಾಲದೊಳಗೆ ಇದ್ದಾನೆ. ಕಾರಹುಣ್ಣಿಮೆಗೂ ಅಷ್ಟೇ, ಸೀಗಿ ಹುಣ್ಣಿಮೆಗೂ ಅಷ್ಟೇ. ಭೂಮಿಯ ನೆರಳು ಚಂದ್ರನ ದೂರದಲ್ಲಿ ಒಂಬತ್ತು ಸಾವಿರ ಕಿ.ಮೀ.ನಷ್ಟು ಮಾತ್ರ ಅಗಲ, ಅದಕ್ಕೇ ಗ್ರಹಣ ಅಪರೂಪ. ಕಾಂತಬಾಲ ಮೂರು ಲಕ್ಷ ಕಿ.ಮೀ.ಗೂ ಹೆಚ್ಚು ಅಗಲ, ಹಾಗಾಗಿ ಚಂದ್ರ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ತಿಂಗಳಿಗೊಮ್ಮೆ, ಹುಣ್ಣಿಮೆಯ ಆಚೀಚೆ ಸುಮಾರು ಆರು ದಿನ, ಅದರೊಳಗೆ ಹಾದು ಹೋಗುತ್ತಾನೆ.

ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ವಿದ್ಯುದಾವೇಶದ ಕಣಗಳು ಹೊರಬೀಳುತ್ತಲೇ ಇರುತ್ತವೆ. ಈ ಸೌರಮಾರುತ ಎಡೆಬಿಡದೆ ಬೀಸುತ್ತದೆ, ಅದರ ಏರಿಳಿತಕ್ಕೂ ಭೂಮಿಯ ಕಾಂತತೆಯ ತಳಮಳಕ್ಕೂ ನಂಟಿದೆ ಎಂದು ಮ್ಯಾರಿನರ್-2 ನೌಕೆಯ ದತ್ತಾಂಶದಿಂದ ತೋರಿಸಿದವರಲ್ಲಿ ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಒಬ್ಬರು. 1963ರ ಆ ಪ್ರಬಂಧದಲ್ಲಿ ಸ್ನೈಡರ್, ನ್ಯೂಗೆಬಾವರ್ ಹೆಸರುಗಳ ಜೊತೆ ಅವರ ಹೆಸರಿದೆ. ಭಾರತದ ಉಪಗ್ರಹಗಳ ಜನಕ ಎಂದೇ ನಾವು ಅವರನ್ನು ನೆನೆಯುತ್ತೇವೆ. ಅದಕ್ಕೂ ಮೊದಲು ಅವರು ಈ ಗಾಳಿಯ ಬೆನ್ನು ಹತ್ತಿದವರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ಗಾಳಿ ಭೂಮಿಯ ಕಾಂತಗೋಳವನ್ನು ಹಗಲಿನ ಕಡೆ ಒತ್ತಿ, ಇರುಳಿನ ಕಡೆ ಚಂದ್ರನಿಂದಾಚೆಗೂ ಎಳೆಯುತ್ತದೆ. ಹಾಗೆ ಎಳೆದು ನಿಂತದ್ದೇ ಬಾಲ. 1963ರ ಕೊನೆಗೆ ಹಾರಿದ ಐಎಂಪಿ-1 ನೌಕೆಯ ಕಾಂತಮಾಪಕದಿಂದ ಅದನ್ನು ಸ್ಪಷ್ಟವಾಗಿ ಗುರುತಿಸಿದವರು ನಾರ್ಮನ್ ನೆಸ್.

ನಮ್ಮ ನೆಲದ ಮೇಲೆ ಕಾಂತಕ್ಷೇತ್ರದ ಬಲ ಸುಮಾರು 40 ಸಾವಿರ ನ್ಯಾನೊಟೆಸ್ಲ. ಚಂದ್ರನ ದೂರದ ಬಾಲದಲ್ಲಿ ಅದು ಹತ್ತರ ಆಸುಪಾಸು. ಕಣಗಳ ಸಾಂದ್ರತೆಯಂತೂ ಇನ್ನೂ ಕಡಿಮೆ. ಬಾಲದ ನಡುಮಧ್ಯದ ಪ್ಲಾಸ್ಮಾ ಹಾಳೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಎಲೆಕ್ಟ್ರಾನೂ ಸಿಕ್ಕದಿರಬಹುದು. ಮೇಲೆ ಕೆಳಗಿನ ಎರಡು ಪಾಲೆಗಳಲ್ಲಿ ಅದಕ್ಕೂ ಹತ್ತು ಪಟ್ಟು ಬರಿದು. ಇಷ್ಟು ಬರಿದಾದ ಜಾಗದಲ್ಲಿ ಎಲೆಕ್ಟ್ರಾನ್‌ಗಳು ಮಾತ್ರ ತಣ್ಣಗಿಲ್ಲ. ಪಾಲೆಯಿಂದ ಹಾಳೆಗೆ ದಾಟುವ ಗಡಿಯಲ್ಲಿ ಅವುಗಳ ಶಕ್ತಿ ಥಟ್ಟನೆ ಏರಿ ಸಾವಿರ ಎಲೆಕ್ಟ್ರಾನ್ ವೋಲ್ಟಿನ ಸಮೀಪ ಬರುತ್ತದೆ. ಅಂದರೆ ಸೆಕೆಂಡಿಗೆ ಹದಿನೆಂಟು ಸಾವಿರ ಕಿ.ಮೀ. ಮೀರಿದ ಓಟ. ಈ ಕಾವು ಎಲ್ಲಿಂದ ಬಂತು?

ಒಲೆಯ ಮೇಲಿನ ನೀರು ಕಾಯುವುದಕ್ಕೆ ಕಾರಣ ಅಣುಗಳ ಡಿಕ್ಕಿ. ಕಾಂತಬಾಲದಲ್ಲಿ ಡಿಕ್ಕಿಯೇ ಇಲ್ಲ. ಒಂದು ಎಲೆಕ್ಟ್ರಾನ್ ಬಾಲದ ಈ ತುದಿಯಿಂದ ಆ ತುದಿಗೆ ಹೋದರೂ ಇನ್ನೊಂದಕ್ಕೆ ತಾಗದಿರಬಹುದು. ಹಾಗಿದ್ದರೆ ಡಿಕ್ಕಿಯ ಕೆಲಸವನ್ನು ಯಾರೋ ಮಾಡುತ್ತಿರಬೇಕು. ಆ ಯಾರು ಎಂಬುದರ ಮೇಲೆ ಅರವತ್ತು ವರ್ಷಗಳಿಂದ ಎರಡು ಪಕ್ಷಗಳಿವೆ, ಎರಡಕ್ಕೂ ಗಟ್ಟಿ ಸಾಕ್ಷಿಗಳಿವೆ.

ಮೊದಲ ಪಕ್ಷದ ಮೂಲಪುರುಷ ಹ್ಯಾರಿ ಪೆಟ್ಶೆಕ್. ಎದುರುಬದುರು ದಿಕ್ಕಿನ ಕಾಂತರೇಖೆಗಳು ಕಡಿದು ಮತ್ತೆ ಬೇರೆ ರೀತಿಯಲ್ಲಿ ಜೋಡಿಯಾಗುತ್ತವೆ, ಆಗ ಕಾಂತಶಕ್ತಿ ಕಣಗಳಿಗೆ ಸಲ್ಲುತ್ತದೆ ಎಂಬ ವಿಚಾರ ಅವನಿಗಿಂತ ಮೊದಲೇ ಇತ್ತು. ಆದರೆ ಲೆಕ್ಕ ಹಾಕಿದರೆ ಅದು ತೀರ ನಿಧಾನ. ಸೂರ್ಯನ ಮೇಲೆ ನಿಮಿಷಗಳಲ್ಲಿ ಸಿಡಿಯುವ ಜ್ವಾಲೆಗೆ ಲೆಕ್ಕದ ಪ್ರಕಾರ ತಿಂಗಳುಗಳೇ ಬೇಕಾಗುತ್ತಿದ್ದವು. ಪೆಟ್ಶೆಕ್ 1964ರಲ್ಲಿ ದಾರಿ ತೋರಿಸಿದ: ಕಡಿದು ಜೋಡಿಯಾಗುವ ಬಿಂದು ಪುಟ್ಟದಾಗಿಯೇ ಇರಲಿ, ಅದರಿಂದ ಎರಡೂ ಕಡೆಗೆ ಆಘಾತ ತರಂಗಗಳು ಚಾಚಿಕೊಂಡಿರಲಿ. ಇವು ನಿಧಾನ ಆಘಾತಗಳು. ಭೂಮಿಯ ಮುಂದೆ ಸೌರಮಾರುತಕ್ಕೆ ಅಡ್ಡ ನಿಂತ ಬಿಲ್ಲಿನಾಕಾರದ ಆಘಾತವನ್ನು ದಾಟಿದರೆ ಕಾಂತಕ್ಷೇತ್ರ ಹೆಚ್ಚುತ್ತದೆ. ನಿಧಾನ ಆಘಾತದಲ್ಲಿ ಅದು ತಿರುವುಮುರುವು: ದಾಟಿದ ಕೂಡಲೇ ಕಾಂತಕ್ಷೇತ್ರ ಕುಗ್ಗುತ್ತದೆ, ಕುಗ್ಗಿದ ಪಾಲಿನ ಶಕ್ತಿ ಪ್ಲಾಸ್ಮಾದ ಓಟವಾಗಿ, ಕಾವಾಗಿ ಮಾರ್ಪಡುತ್ತದೆ. ಈ ಪಕ್ಷದವರ ಮಾತು ಇಷ್ಟೇ. ಗಡಿ ವಿಶಾಲ, ಬಿಂದು ಚಿಕ್ಕದು, ಆದ್ದರಿಂದ ಶಕ್ತಿಯ ಬಹುಪಾಲು ಬಟವಾಡೆ ಗಡಿಯಲ್ಲೇ ಆಗಬೇಕು.

ಇದು ಬರೀ ಕಾಗದದ ಮೇಲಿನ ಚೆಲುವಾಗಿ ಉಳಿಯಲಿಲ್ಲ. ಈಗ ಆದಿತ್ಯ-ಎಲ್1 ಇರುವ ಬಿಂದುವಿನ ಸುತ್ತ ಮೊಟ್ಟಮೊದಲು ಸುತ್ತಿದ ನೌಕೆ ಐಸೀ-3. ಅದನ್ನು ಅಲ್ಲಿಂದ ಎಬ್ಬಿಸಿ 1983ರ ಹೊತ್ತಿಗೆ ಬಾಲದ ಆಳಕ್ಕೆ, ಭೂಮಿಯ ತ್ರಿಜ್ಯದ ಇನ್ನೂರು ಪಟ್ಟಿಗೂ ದೂರಕ್ಕೆ ಕಳಿಸಿದರು. ಅಲ್ಲಿ ಪಾಲೆ ಮತ್ತು ಹಾಳೆಯ ಗಡಿ ದಾಟುವಾಗ ಕಂಡದ್ದು ನಿಧಾನ ಆಘಾತದ ಲಕ್ಷಣಗಳೇ ಎಂದು ವಿಲಿಯಂ ಫೆಲ್ಡ್‌ಮನ್ ಮತ್ತು ಸಂಗಡಿಗರು 1984ರಲ್ಲಿ ಬರೆದರು. 1992ರಲ್ಲಿ ಹಾರಿದ ಜಪಾನಿನ ಜಿಯೋಟೇಲ್ ಕೂಡ ಅಂಥವನ್ನು ಕಂಡಿತು. ಆದರೆ ಜಿಯೋಟೇಲ್ ಗಡಿ ದಾಟಿದ ಸಂದರ್ಭಗಳನ್ನೆಲ್ಲ ಜಾಲಿಸಿದಾಗ ಸಣ್ಣ ಪಾಲು ಮಾತ್ರ ಆಘಾತದ ಸಮೀಕರಣಗಳಿಗೆ ಹೊಂದಿತು. ಆಘಾತಗಳು ಇವೆ ಎಂಬುದು ಖಚಿತವಾಯಿತು, ಎಲ್ಲೆಡೆ ಇವೆ ಎಂಬುದು ಆಗಲಿಲ್ಲ.

ಈ ಪಕ್ಷಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2013ರಲ್ಲಿ. ವಾಸಿಲಿಸ್ ಆಂಜೆಲೊಪೊಲೊಸ್ ತಂಡ ಎಂಟು ನೌಕೆಗಳು ಬಾಲದಲ್ಲಿ ಒಟ್ಟಿಗೆ ಸಾಲಾಗಿ ಸಿಕ್ಕಿದ ಒಂದು ಸಂದರ್ಭ ಹಿಡಿದು ಶಕ್ತಿಯ ಲೆಕ್ಕ ಮಾಡಿತು. ಅವುಗಳಲ್ಲಿ ಎರಡು ನೌಕೆಗಳು, ಆರ್ಟೆಮಿಸ್ ಜೋಡಿ, ಚಂದ್ರನ ಸುತ್ತಲೇ ಇದ್ದವು. ಕಾಂತಶಕ್ತಿ ಕಣಗಳ ಶಕ್ತಿಯಾಗಿ ಮಾರ್ಪಡುವುದು ಮುಖ್ಯವಾಗಿ ಹೊಸದಾಗಿ ಜೋಡಿಯಾದ ಕಾಂತರೇಖೆಗಳ ಮುಂಚೂಣಿಯಲ್ಲಿ, ಹತ್ತಾರು ಕಿ.ಮೀ.ನಿಂದ ನೂರಾರು ಕಿ.ಮೀ. ದಪ್ಪದ ವಿದ್ಯುತ್ ಪದರಗಳಲ್ಲಿ ಎಂದು ಅವರು ತೋರಿಸಿದರು. ವಿಶಾಲವಾದ ಗಡಿ ಆಘಾತಗಳಲ್ಲಿ ಎಂದಲ್ಲ. ಲಕ್ಷಾಂತರ ಕಿ.ಮೀ. ಬಾಲಕ್ಕೆ ಹೋಲಿಸಿದರೆ ಆ ಪದರಗಳು ಏನೇನೂ ಅಲ್ಲ, ಆದರೂ ಶಕ್ತಿಯ ಖರ್ಚು ಅಲ್ಲೇ.

ಪೆಟ್ಶೆಕ್ ಪಕ್ಷಕ್ಕೆ ಇದರಿಂದ ಸೋಲಾಯಿತೆ? ನನಗೆ ಹಾಗನ್ನಿಸುವುದಿಲ್ಲ. ಎಂಟು ನೌಕೆಗಳ ಆ ಸಾಲು ಭೂಮಿಯಿಂದ ಚಂದ್ರನವರೆಗಿನದು. ಐಸೀ-3 ನೋಡಿದ್ದು ಅದರ ಮೂರು ಪಟ್ಟು ಆಚೆ. ಹತ್ತಿರದ ಬಾಲದಲ್ಲಿ ಎಲ್ಲವೂ ಬಿಟ್ಟುಬಿಟ್ಟು, ರಭಸದಿಂದ ನಡೆಯುತ್ತದೆ, ಆಘಾತ ನೆಲೆ ನಿಲ್ಲುವಷ್ಟು ಪುರಸೊತ್ತೇ ಸಿಕ್ಕುವುದಿಲ್ಲ. ದೂರದ ಬಾಲದಲ್ಲಿ ಮರುಜೋಡಣೆ ನಿಧಾನವಾಗಿ, ಬಹಳ ಹೊತ್ತು ನಡೆದರೆ ಪೆಟ್ಶೆಕ್‌ನ ಚಿತ್ರಕ್ಕೆ ಅವಕಾಶವಿದೆ. ಇಬ್ಬರೂ ಬೇರೆ ಬೇರೆ ಊರಿನ ಸಾಕ್ಷಿ ಹೇಳುತ್ತಿದ್ದಾರೆ.

ಇದೆಲ್ಲ ಎಲ್ಲಿ ಎಂಬ ಪ್ರಶ್ನೆ. ಹೇಗೆ ಎಂಬುದು ಇನ್ನೂ ಸಿಕ್ಕುಸಿಕ್ಕಾದದ್ದು, ಪ್ಲಾಸ್ಮಾ ಅಲೆಗಳು ಚಿತ್ರಕ್ಕೆ ಬರುವುದು ಇಲ್ಲಿ.

ನಿಧಾನ ಆಘಾತದ ಮುಂದೆ ಎಲೆಕ್ಟ್ರಾನಿನ ನಡತೆ ವಿಚಿತ್ರ. ಆಘಾತ ಸರಿಯುವ ವೇಗಕ್ಕಿಂತ ಎಲೆಕ್ಟ್ರಾನ್ ಹತ್ತಾರು ಪಟ್ಟು ಜೋರಾಗಿ ಓಡಬಲ್ಲದು. ಹೀಗಾಗಿ ಆಘಾತದ ಹಿಂದೆ ಕಾವೇರಿದ ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡಿದು ಮುಂದಕ್ಕೆ ಸೋರಿಹೋಗುತ್ತವೆ, ಇನ್ನೂ ಆಘಾತ ತಲುಪದ ತಣ್ಣನೆಯ ಪ್ಲಾಸ್ಮಾದೊಳಗೆ ನುಗ್ಗುತ್ತವೆ. ಒಂದು ತಣ್ಣನೆಯ ಗುಂಪಿನ ನಡುವೆ ಬಿಸಿ ಕಣಗಳ ತೊರೆ ಹರಿದರೆ ಅಲೆಗಳು ಏಳಲೇಬೇಕು. 1970ರ ದಶಕದಲ್ಲಿ ಐಎಂಪಿ-8 ನೌಕೆಯ ಉಪಕರಣದಲ್ಲಿ ಡಾನಲ್ಡ್ ಗರ್ನೆಟ್ ಮತ್ತಿತರರು ಬಾಲದಲ್ಲಿ ಕೇಳಿದ್ದು ಇಂಥ ಅಲೆಗಳ ಗದ್ದಲವನ್ನು. ತೀರ ಕೆಳಗಿನ ಆವರ್ತನದಿಂದ ಮೇಲಿನವರೆಗೆ ಹರಡಿಕೊಂಡಿದ್ದ ಅದಕ್ಕೆ ಬಹಳ ಕಾಲ ಬರೀ ಶಬ್ದ ಎಂದೇ ಹೆಸರು. ಜಿಯೋಟೇಲ್ ಮೊದಲ ಬಾರಿಗೆ ಅಲೆಯ ನಿಜರೂಪವನ್ನೇ ದಾಖಲಿಸಿಕೊಂಡಾಗ ಕ್ಯೋಟೊ ವಿಶ್ವವಿದ್ಯಾಲಯದ ಹಿರೊಶಿ ಮಾತ್ಸುಮೊಟೊ ತಂಡ 1994ರಲ್ಲಿ ಬೇರೆಯೇ ಸಂಗತಿ ಕಂಡುಕೊಂಡಿತು: ಗದ್ದಲವೆಂದುಕೊಂಡದ್ದು ಗದ್ದಲವಲ್ಲ, ಒಂದಾದ ಮೇಲೊಂದು ಬರುವ ಒಂಟಿ ಮಿಡಿತಗಳ ಸಾಲು. ಪ್ರತಿ ಮಿಡಿತದಲ್ಲೂ ವಿದ್ಯುತ್ ಕ್ಷೇತ್ರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ ಸುಮ್ಮನಾಗುತ್ತದೆ. ಎಲೆಕ್ಟ್ರಾನ್‌ಗಳು ಕಡಿಮೆಯಾಗಿರುವ ಪುಟ್ಟ ಗುಳಿಗಳು ಕಾಂತರೇಖೆಯ ಗುಂಟ ಓಡುತ್ತಿವೆ ಎಂಬುದು ಹೆಚ್ಚಿನವರ ವ್ಯಾಖ್ಯಾನ. ಇದಕ್ಕೂ ಪ್ರತಿವಾದ ಉಂಟು. ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರ್ಬಕ್ಸ್ ಲಖೀನಾ, ಸತ್ಯವೀರ ಸಿಂಗ್ ಮೊದಲಾದವರು ಇಂಥ ಮಿಡಿತಗಳನ್ನು ಗುಳಿಗಳಿಲ್ಲದೆ, ಚದುರದೆ ಸಾಗುವ ಒಂಟಿ ಅಲೆಗಳಾಗಿ, ಸಾಲಿಟಾನ್‌ಗಳಾಗಿಯೂ ವಿವರಿಸಬಹುದೆಂದು ಗಣಿತ ಹೂಡಿ ತೋರಿಸಿದ್ದಾರೆ.

ಅಲೆಗಳ ಪಕ್ಷದವರ ವಾದ ಸರಳವಾಗಿದೆ, ಬಲವಾಗಿಯೂ ಇದೆ. ಡಿಕ್ಕಿ ಇಲ್ಲದ ಕಡೆ ಎಲೆಕ್ಟ್ರಾನನ್ನು ತಡೆದು, ತಿರುಗಿಸಿ, ವೇಗವನ್ನು ಕಲಸಿ ಕಾವಾಗಿಸಲು ಯಾವುದಾದರೂ ವಿದ್ಯುತ್ ಕ್ಷೇತ್ರ ಕ್ಷಣಕ್ಷಣವೂ ಬದಲಾಗುತ್ತಿರಬೇಕು. ಅಂಥದ್ದು ಅಲೆ ಮಾತ್ರ. ಕಾವು ಏರುವ ಗಡಿಯಲ್ಲೇ ಅಲೆಗಳೂ ಜೋರಾಗಿರುತ್ತವೆ, ಅದು ಕಾಕತಾಳೀಯವಾಗಲಾರದು.

ಎದುರು ಪಕ್ಷ ಇದನ್ನೇ ತಿರುಗಿಸಿ ಕೇಳುತ್ತದೆ. ಚಕ್ಕಡಿ ಹೋದಲ್ಲೆಲ್ಲ ದೂಳು ಏಳುತ್ತದೆ, ಹಾಗೆಂದು ಚಕ್ಕಡಿಯನ್ನು ದೂಳು ಎಳೆಯುತ್ತದೆಯೆ? ಅಲೆಗಳನ್ನು ಎಬ್ಬಿಸಿದ್ದೇ ಬಿಸಿ ಎಲೆಕ್ಟ್ರಾನ್‌ಗಳ ತೊರೆ, ತೊರೆ ಮೊದಲು, ಅಲೆ ಆಮೇಲೆ. ಅಲೆಗಳಲ್ಲಿ ಅಡಗಿರುವ ಶಕ್ತಿಯನ್ನು ಅಳೆದರೆ ಎಲೆಕ್ಟ್ರಾನ್‌ಗಳ ಒಟ್ಟು ಶಕ್ತಿಯ ಮುಂದೆ ಅದು ಅತ್ಯಲ್ಪ. ಇವರ ಪ್ರಕಾರ ನಿಜವಾದ ಎತ್ತುಗಳು ಬೇರೆ: ಕಾಂತರೇಖೆಯ ಗುಂಟ ದೊಡ್ಡ ಪ್ರದೇಶದಲ್ಲಿ ನಿಂತಿರುವ ಸ್ಥಿರ ವಿದ್ಯುತ್ ಕ್ಷೇತ್ರ. ಜಾನ್ ಎಗೆಡಾಲ್ ಮತ್ತು ಸಂಗಡಿಗರು 2012ರಲ್ಲಿ ದೊಡ್ಡ ಕಂಪ್ಯೂಟರ್ ಲೆಕ್ಕಗಳಿಂದ ಇಂಥ ಕ್ಷೇತ್ರ ವಿಶಾಲ ಜಾಗದಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟು ಓಡಿಸಬಲ್ಲದೆಂದು ತೋರಿಸಿದರು. ಇದರ ಜೊತೆಗೆ ಮುಂಚೂಣಿಯ ಕಾಂತಕ್ಷೇತ್ರ ಭೂಮಿಯ ಕಡೆ ಬರುತ್ತ ಬಿಗಿಯಾದಾಗ ಅದರಲ್ಲಿ ಸಿಕ್ಕಿದ ಎಲೆಕ್ಟ್ರಾನ್‌ಗಳು ಹಿಂಡಿಸಿಕೊಂಡು ಶಕ್ತಿ ಪಡೆಯುತ್ತವೆ. ಅದಕ್ಕೂ ಅಲೆಯ ಹಂಗಿಲ್ಲ.

ದೂಳಿನ ಮಾತಿಗೆ ಅಲೆಯವರ ಬಳಿ ಮರುಮಾತಿದೆ. ದೂಳು ಚಕ್ಕಡಿ ಎಳೆಯದೇ ಇರಬಹುದು, ಆದರೆ ಹಿಂದಿನ ಚಕ್ಕಡಿಯ ಎತ್ತುಗಳ ಕಣ್ಣಿಗೆ ಬಿದ್ದರೆ ಅವು ದಾರಿ ಬದಲಿಸುತ್ತವೆ. ಶಕ್ತಿ ಸ್ಥಿರ ಕ್ಷೇತ್ರದಿಂದಲೇ ಬರಲಿ. ಒಂದೇ ದಿಕ್ಕಿಗೆ ಓಡುವ ತೊರೆ ಎಲ್ಲ ದಿಕ್ಕಿಗೂ ಹಂಚಿಹೋದ ಕಾವಾಗುವುದು ಅಲೆಗಳಿಲ್ಲದೆ ಹೇಗೆ? ಓಟವೇ ಬೇರೆ, ಕಾವೇ ಬೇರೆ. ಈ ಭೇದ ಮರೆತರೆ ವಾದ ಎಲ್ಲಿಗೂ ಮುಟ್ಟುವುದಿಲ್ಲ. ಎರಡೂ ಕಡೆಯ ಎಷ್ಟೋ ಬರಹಗಳಲ್ಲಿ ಇದು ಮಸುಕಾಗಿಯೇ ಇರುತ್ತದೆ ಎಂಬುದು ನನ್ನ ತಕರಾರು.

ಇದನ್ನು ಬಗೆಹರಿಸಲೆಂದೇ ಅಮೆರಿಕ 2015ರ ಮಾರ್ಚಿನಲ್ಲಿ ನಾಲ್ಕು ಎಂಎಂಎಸ್ ನೌಕೆಗಳನ್ನು ಹಾರಿಸಿತು. ಹತ್ತಾರು ಕಿ.ಮೀ. ಅಂತರದಲ್ಲಿ ಚೌಮೂಲೆಯಾಗಿ ಹಾರುವ ಇವು ಸೆಕೆಂಡಿನ ನೂರನೇ ಮೂರು ಭಾಗಕ್ಕೊಮ್ಮೆ ಎಲೆಕ್ಟ್ರಾನ್‌ಗಳ ಪೂರ್ಣ ಚಿತ್ರ ತೆಗೆಯುತ್ತವೆ. 2017ರಲ್ಲಿ ಅವು ಬಾಲದೊಳಗೆ ಹೊಕ್ಕವು. ಜುಲೈ 11ರಂದು, ಗುರುಪೂರ್ಣಿಮೆ ಕಳೆದು ಎರಡು ದಿನಕ್ಕೆ, ಅವು ನೇರವಾಗಿ ಮರುಜೋಡಣೆಯ ಜಾಗದೊಳಗೇ ಹಾದವು. ರಾಯ್ ಟಾರ್ಬರ್ಟ್ ನೇತೃತ್ವದ ವರದಿ ಮರುವರ್ಷ ಬಂತು. ಸೆಕೆಂಡಿಗೆ 15 ಸಾವಿರ ಕಿ.ಮೀ. ಮುಟ್ಟಿದ ಎಲೆಕ್ಟ್ರಾನ್ ಚಿಮ್ಮುಗಳು, ಅವುಗಳ ವೇಗದ ನಕ್ಷೆಯಲ್ಲಿ ಪದರ ಪದರವಾಗಿ ಅರ್ಧಚಂದ್ರಾಕೃತಿಗಳು. ಅಲೆಗಳ ಕಲಕಾಟವೇ ಮೇಲುಗೈ ಆಗಿದ್ದರೆ ಈ ನಾಜೂಕಿನ ಪದರಗಳು ಅಳಿಸಿಹೋಗಬೇಕಿತ್ತು. ಸುತ್ತ ಗೊಂದಲವಿದ್ದರೂ ಎಲೆಕ್ಟ್ರಾನ್‌ಗಳ ಚಲನೆ ಬಹುಮಟ್ಟಿಗೆ ಕ್ರಮಬದ್ಧ ಎಂಬುದು ಅವರ ತೀರ್ಮಾನ. ಸ್ಥಿರ ಕ್ಷೇತ್ರದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಹದಿನೈದು ದಿನ ಕಳೆಯಿತು. ಜುಲೈ 26ರಂದು ಅವೇ ನಾಲ್ಕು ನೌಕೆಗಳು, ಅದೇ ಉಪಕರಣಗಳು, ಬಾಲದ ಇನ್ನೊಂದು ಘಟನೆಯೊಳಗೆ ಸಿಕ್ಕಿದವು. ರಾಬರ್ಟ್ ಎರ್ಗನ್ ತಂಡ ವರ್ಣಿಸಿದ ಈ ಘಟನೆಯಲ್ಲಿ ನಾಜೂಕಿನ ಪದರಗಳ ಮಾತೇ ಇಲ್ಲ. ಎಲ್ಲೆಲ್ಲೂ ತೀವ್ರವಾದ ವಿದ್ಯುತ್ ಕ್ಷೇತ್ರಗಳ ಪ್ರಕ್ಷುಬ್ಧತೆ, ಅದರೊಂದಿಗೆ ಲಕ್ಷ ಎಲೆಕ್ಟ್ರಾನ್ ವೋಲ್ಟ್ ಮೀರಿದ ಎಲೆಕ್ಟ್ರಾನ್‌ಗಳು. ಈ ಮಟ್ಟದ ಶಕ್ತಿ ಪ್ರಕ್ಷುಬ್ಧತೆಯಿಂದಲೇ ಬಂತು ಎಂದು ಅವರು ವಾದಿಸಿದರು.

ಒಂದೇ ತಿಂಗಳಲ್ಲಿ ಒಂದೇ ನೌಕೆ ಎರಡೂ ಪಕ್ಷಕ್ಕೆ ಸಾಕ್ಷಿ ನುಡಿದ ಮೇಲೆ ತಕ್ಕಡಿ ಹೇಗೆ ಹಿಡಿಯುವುದು? ನನ್ನ ಮಟ್ಟಿಗೆ, ಸಾಮಾನ್ಯ ಎಲೆಕ್ಟ್ರಾನ್‌ಗಳ ಸಾವಿರ ವೋಲ್ಟಿನ ಕಾವಿಗೆ ಬಂಡವಾಳ ಹಾಕುವುದು ಸ್ಥಿರ ಕ್ಷೇತ್ರ ಮತ್ತು ಹಿಂಡುವ ಕಾಂತಕ್ಷೇತ್ರ, ಅಲೆಗಳ ಕೆಲಸ ಅದನ್ನು ಹಂಚುವುದು. ಆದರೆ ಬೆರಳೆಣಿಕೆಯ ಎಲೆಕ್ಟ್ರಾನ್‌ಗಳು ಲಕ್ಷ ವೋಲ್ಟಿಗೆ ಏರುವ ಲೆಕ್ಕ ಸ್ಥಿರ ಕ್ಷೇತ್ರದಿಂದ ಹೊಂದುವುದು ಕಷ್ಟ, ಅಲ್ಲಿ ಎರ್ಗನ್ ತಂಡದ ವಾದಕ್ಕೆ ತೂಕವಿದೆ. ಜುಲೈ 26ರಂಥವು ಅಪರೂಪವಲ್ಲ, ದಿನನಿತ್ಯದವು ಎಂದು ತಿಳಿದುಬಂದರೆ ಈ ಹಂಚಿಕೆಯೂ ತಲೆಕೆಳಗಾಗಬಹುದು.

ನಮ್ಮ ಕೈಯಲ್ಲೂ ಒಂದು ಸಾಕ್ಷಿ ಇದೆ. 2019ರ ಜುಲೈ 22ರಂದು ಹಾರಿದ ಚಂದ್ರಯಾನ-2ರ ಕಕ್ಷಾನೌಕೆಯಲ್ಲಿರುವ ‘ಕ್ಲಾಸ್’ ಉಪಕರಣ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದದ್ದು. ಅದರ ಕಸುಬು ಬೇರೆ. ಸೂರ್ಯನ ಎಕ್ಸ್ ಕಿರಣ ಬಿದ್ದಾಗ ಚಂದ್ರನ ನೆಲದ ಮೆಗ್ನೀಸಿಯಂ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಸೂಸುವ ಎಕ್ಸ್ ಕಿರಣಗಳನ್ನು ಎಣಿಸುವುದು. ಅದೇ ಸೆಪ್ಟೆಂಬರಿನಲ್ಲಿ ನೌಕೆ ಮೊದಲ ಸಲ ಕಾಂತಬಾಲ ದಾಟಿದಾಗ ಅದು ಬಾಲದ ಎಲೆಕ್ಟ್ರಾನ್‌ಗಳನ್ನೂ, ಅವುಗಳ ಏರಿಳಿತವನ್ನೂ ಹಿಡಿಯಿತು ಎಂದು ಇಸ್ರೊ ಪ್ರಕಟಿಸಿತು. ಖನಿಜ ಹುಡುಕುವವರಿಗೆ ಅದು ಕಸ, ಬಾಲ ಓದುವವರಿಗೆ ಅದೇ ಕಾಳು.

ಇದರ ಬೆಲೆ ಎಷ್ಟು ಎಂಬುದರಲ್ಲೂ ಎರಡು ಮಾತುಗಳಿವೆ. ಕ್ಲಾಸ್‌ಗೆ ಅಲೆ ಕೇಳಿಸುವುದಿಲ್ಲ. ಎಲೆಕ್ಟ್ರಾನ್ ಕಾಂತರೇಖೆಯ ಗುಂಟ ಬಂತೋ ಅಡ್ಡ ಬಂತೋ ಎಂದು ಬಿಡಿಸಿ ಹೇಳಲು ಅದಕ್ಕೆ ಬಾರದು, ಪಕ್ಕದಲ್ಲಿ ಕಾಂತಮಾಪಕವಿಲ್ಲ. ಎಂಎಂಎಸ್ ಎದುರು ಇದು ಆಟಿಕೆ ಎಂದವರ ಮಾತು ಸುಳ್ಳಲ್ಲ. ಆದರೆ ಎಂಎಂಎಸ್ ಚಂದ್ರನ ದೂರಕ್ಕೆ ಹೋಗುವುದಿಲ್ಲ, ಅದರ ಓಡಾಟ ಅದರ ಅರ್ಧದಾರಿಯೊಳಗೇ. ಕ್ಲಾಸ್ ಮಾತ್ರ ತಿಂಗಳು ತಿಂಗಳೂ ತಪ್ಪದೆ ಅರವತ್ತು ಭೂತ್ರಿಜ್ಯದ ದೂರದಲ್ಲಿ ಬಾಲ ದಾಟುತ್ತದೆ. ಹತ್ತಿರದ ರಭಸದ ಬಾಲ ಮುಗಿದು ದೂರದ ನೆಲೆನಿಂತ ಬಾಲ ಶುರುವಾಗುವ ಸರಿಸುಮಾರು ನಡುವಿನ ಸೀಮೆ ಅದು, ಅಂದರೆ ಮೇಲೆ ಹೇಳಿದ ಇಬ್ಬರು ಸಾಕ್ಷಿಗಳ ಊರಗಡಿ. ಅಂಥ ಕಡೆ ವರ್ಷಗಟ್ಟಲೆ ನಡೆದ ಎಣಿಕೆಗೆ, ಎಷ್ಟೇ ಒರಟಾಗಿರಲಿ, ಬೆಲೆ ಇದೆ.

ಇದೇ ನೌಕೆ ಇನ್ನೊಂದು ಅಚ್ಚರಿಯನ್ನೂ ಕೊಟ್ಟಿತು. ಚಂದ್ರನ ಅಂಚಿನಲ್ಲಿ ಹಾದು ಬರುವ ಅದರ ರೇಡಿಯೊ ಸಂಕೇತಗಳನ್ನು ಬಳಸಿ ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದವರು, ಚಂದ್ರ ಕಾಂತಬಾಲದಲ್ಲಿದ್ದಾಗ ಅವನ ಸಮೀಪ ಒಂದು ಘನ ಸೆಂಟಿಮೀಟರಿಗೆ ಸುಮಾರು 23 ಸಾವಿರ ಎಲೆಕ್ಟ್ರಾನ್‌ಗಳಿವೆ ಎಂದು 2025ರಲ್ಲಿ ವರದಿ ಮಾಡಿದರು. ಬಿಸಿಲಿನ ಕಡೆ ಸಿಕ್ಕುವುದಕ್ಕಿಂತ ಅದು ನೂರು ಪಟ್ಟು ಹೆಚ್ಚು. ಚಂದ್ರನ ನೆಲದಲ್ಲಿ ಅಲ್ಲಲ್ಲಿ ಉಳಿದಿರುವ ಕಾಂತತೆ ಅವನ್ನು ಹಿಡಿದಿಟ್ಟಿರಬಹುದೆಂಬುದು ಅವರ ಊಹೆ. ಬಾಲದ ಎಲೆಕ್ಟ್ರಾನ್ ಬೇರೆ, ಚಂದ್ರನಿಗೆ ಅಂಟಿಕೊಂಡ ತಣ್ಣನೆಯ ಎಲೆಕ್ಟ್ರಾನ್ ಬೇರೆ, ಅದನ್ನು ಕಲಸಬಾರದು. ಆದರೂ ಚಂದ್ರನ ಬಳಿಯ ಎಣಿಕೆಯನ್ನು ಇಡೀ ಬಾಲದ ಮಾತೆಂದು ಓದುವ ಮುನ್ನ ಚಂದ್ರನದೇ ಪಾಲು ಎಷ್ಟೆಂದು ಕಳೆಯಬೇಕೆಂಬ ಎಚ್ಚರಿಕೆ ಇದರಲ್ಲಿದೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಹಾಸನದ ಕಡೆ ಕೈ ತೋರಿಸಬಹುದು. 36 ಸಾವಿರ ಕಿ.ಮೀ. ಎತ್ತರದ ನಮ್ಮ ಸಂಪರ್ಕ ಉಪಗ್ರಹಗಳನ್ನು ಅಲ್ಲಿಯ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತದೆ. ಬಾಲದಿಂದ ಮರಳಿ ಭೂಮಿಯ ಕಡೆ ನುಗ್ಗುವ ಬಿಸಿ ಎಲೆಕ್ಟ್ರಾನ್‌ಗಳು ನಡುರಾತ್ರಿಯ ಸುಮಾರಿಗೆ ಇಂಥ ಉಪಗ್ರಹಗಳ ಮೈಗೆ ಬಡಿದು ವಿದ್ಯುದಾವೇಶ ತುಂಬುತ್ತವೆ, ಅದು ಕಿಡಿಯಾಗಿ ಹಾರಿದರೆ ಒಳಗಿನ ಸರ್ಕೀಟು ಕೆಡುತ್ತದೆ. ಕಾವು ಮುಂಚೂಣಿಯಿಂದ ಬರುವುದೋ ಪ್ರಕ್ಷುಬ್ಧತೆಯಿಂದಲೋ ಎಂಬುದರ ಮೇಲೆ ಮುನ್ಸೂಚನೆಯ ಲೆಕ್ಕ ಬದಲಾಗುತ್ತದೆ.

ಕ್ಲಾಸ್‌ನ ದತ್ತಾಂಶ ಬೆಂಗಳೂರಿನ ಆಚೆಯ ಬ್ಯಾಲಾಳುವಿನ ದತ್ತಾಂಶ ಕೇಂದ್ರದ ಮೂಲಕ ಎಲ್ಲರಿಗೂ ತೆರೆದಿದೆ. ಚಂದ್ರನನ್ನೇ ಸುತ್ತುವ ಆರ್ಟೆಮಿಸ್ ಜೋಡಿಯದೂ ತೆರೆದಿದೆ, ಅವುಗಳಲ್ಲಿ ಕಾಂತಮಾಪಕವೂ ಇದೆ, ಅಲೆ ಅಳೆಯುವ ಉಪಕರಣವೂ ಇದೆ. ಎರಡೂ ಒಂದೇ ಹುಣ್ಣಿಮೆಗೆ ಒಂದೇ ಬಾಲದಲ್ಲಿ, ಕೆಲವು ಸಾವಿರ ಕಿ.ಮೀ. ಅಂತರದಲ್ಲಿ ಇದ್ದ ಗಳಿಗೆಗಳನ್ನು ಜೋಡಿಸಿ, ಕ್ಲಾಸ್‌ನಲ್ಲಿ ಎಲೆಕ್ಟ್ರಾನ್ ಏರಿದಾಗ ಆರ್ಟೆಮಿಸ್‌ನಲ್ಲಿ ಅಲೆ ಎದ್ದಿತ್ತೋ ಇಲ್ಲವೋ, ಗಡಿ ಆಘಾತದ ಲಕ್ಷಣ ತೋರಿತ್ತೋ ಬರೀ ಮುಂಚೂಣಿಯದೋ ಎಂದು ತಾಳೆ ನೋಡುವ ಕೆಲಸ ಬೈಲಹೊಂಗಲದ ಒಬ್ಬ ಎಂಎಸ್ಸಿ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಆಗುವಂಥದ್ದು. ಅದರಿಂದ ಅಲೆ ಮೊದಲೋ ತೊರೆ ಮೊದಲೋ ಎಂಬುದು ಇತ್ಯರ್ಥವಾಗದು, ಅದಕ್ಕೆ ಬೇಕಾದ ವೇಗ ಕ್ಲಾಸ್‌ಗಿಲ್ಲ. ಚಂದ್ರನ ದೂರದ ಬಾಲ ಪೆಟ್ಶೆಕ್‌ನ ಊರಿಗೆ ಸೇರಿದ್ದೋ ಆಂಜೆಲೊಪೊಲೊಸ್‌ನ ಊರಿಗೋ ಎಂಬುದಕ್ಕೆ ಮಾತ್ರ ಒಂದು ಎಣಿಕೆ ಸಿಕ್ಕೀತು.